ಉಪಗ್ರಹಕ್ಕೆ ಹಸಿರು ಕಾಣುತ್ತೆ, ಮಣ್ಣು ಕಾಣಲ್ಲ

ಕರ್ನಾಟಕದಲ್ಲಿ ಅಗೆದು ತೆಗೆಯೋವಷ್ಟು ಕಲ್ಲಿದ್ದಲು ಎಲ್ಲೂ ಇಲ್ಲ. ಆದ್ರೆ ಕರ್ನಾಟಕ ಸರ್ಕಾರದ ಕಂಪನಿಗೆ ಸೇರಿದ ಒಂದು ಕಲ್ಲಿದ್ದಲು ಗಣಿ ಇದೆ. ಎಲ್ಲಿ? ಭದ್ರಾವತಿ ತಾಲೂಕಿನಲ್ಲಿ! ಗಾಬರಿಯಾಗಬೇಡಿ, ನಮ್ಮ ಶಿವಮೊಗ್ಗದ ಭದ್ರಾವತಿ ಅಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲೂ ಒಂದು ಭದ್ರಾವತಿ ಇದೆ. ಅಲ್ಲಿರೋ ಬರಾಂಜ್ ಗಣಿ ನಮ್ಮ ಕೆಪಿಸಿಗೆ, ಅಂದ್ರೆ ಕರ್ನಾಟಕ ವಿದ್ಯುತ್ ನಿಗಮಕ್ಕೆ ಸೇರಿದ್ದು. ಬಳ್ಳಾರಿ ಕುಡತಿನಿಯ ಥರ್ಮಲ್ ಸ್ಥಾವರಕ್ಕೆ ಕಲ್ಲಿದ್ದಲು ಬೇಕು ಅಂತಾನೇ ಆ ಗಣಿ ಪಡೆದದ್ದು. 2014ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟ್ ಒಂದೇ ಏಟಿಗೆ 214 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿತಲ್ಲ, ಆಗ ಇದೂ ಹೋಯ್ತು. ಮರುವರ್ಷ ಮತ್ತೆ ಕೆಪಿಸಿಗೇ ಹಂಚಿಕೆ ಆಯ್ತು. ಹಲವು ವರ್ಷ ನಿಂತಿದ್ದ ಕೆಲಸ ಆಮೇಲೆ ಮತ್ತೆ ಶುರುವಾಯ್ತು.

ಆ ಹಗರಣದ ಬಗ್ಗೆ ಚಾನೆಲ್‌ಗಳಲ್ಲಿ ಗಂಟೆಗಟ್ಟಲೆ ಚರ್ಚೆ ಆಗಿದೆ. ಯಾರಿಗೆ ಎಷ್ಟು ಸಿಕ್ತು, ಬೊಕ್ಕಸಕ್ಕೆ ಎಷ್ಟು ನಷ್ಟ, ಎಲ್ಲ ಆಯ್ತು. ಇವತ್ತು ನಾನು ಹೇಳಹೊರಟಿರೋದು ಚರ್ಚೆಗೇ ಬಾರದ ಒಂದು ವಿಷಯ. ಕಲ್ಲಿದ್ದಲು ಖಾಲಿಯಾದ ಮೇಲೆ ಆ ನೆಲದ ಗತಿ ಏನು? ಚಂದ್ರಪುರ ಅಂದ್ರೆ ವಿದರ್ಭ. ಹತ್ತಿ, ಸೋಯಾಬೀನ್ ಬೆಳೆಯೋ ಕಪ್ಪು ಎರೆಮಣ್ಣು. ನಮ್ಮ ಧಾರವಾಡ, ಗದಗ, ವಿಜಯಪುರದ ರೈತರಿಗೆ ಈ ಮಣ್ಣಿನ ಬೆಲೆ ನಾನು ಹೇಳಿಕೊಡಬೇಕಾಗಿಲ್ಲ. ಅದನ್ನ ಒಮ್ಮೆ ಬಗೆದು ಪಕ್ಕಕ್ಕೆ ಹಾಕಿದ ಮೇಲೆ ಮತ್ತೆ ಹೊಲ ಮಾಡೋಕಾಗುತ್ತಾ? ಆಗಿದೆ ಅಂತ ಯಾರು ಹೇಳಬೇಕು, ಹೇಗೆ ಅಳೆಯಬೇಕು?

ಮೊದಲು ಗಣಿ ಹೇಗಿರುತ್ತೆ ಅಂತ ನೋಡೋಣ. ಕಲ್ಲಿದ್ದಲು ಗಣಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಸುರಂಗ, ತಲೆಗೆ ದೀಪ ಕಟ್ಟಿಕೊಂಡ ಕಾರ್ಮಿಕ. ಅದು ಸಿನಿಮಾದ ಚಿತ್ರ. ಇವತ್ತು ದೇಶದ ಕಲ್ಲಿದ್ದಲಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಬರೋದು ತೆರೆದ ಗಣಿಗಳಿಂದ. 2024-25ರಲ್ಲಿ ದೇಶದ ಉತ್ಪಾದನೆ 100 ಕೋಟಿ ಟನ್ ದಾಟಿತು. ತೆರೆದ ಗಣಿ ಅಂದ್ರೆ ಕೇಕ್ ಕತ್ತರಿಸಿದ ಹಾಗೆ. ಮೇಲಿನ ಮಣ್ಣು, ಕೆಳಗಿನ ಕಲ್ಲು, ಮರಳುಗಲ್ಲು, ಜೇಡಿ ಎಲ್ಲವನ್ನೂ ಸಿಡಿಸಿ, ಬಗೆದು, ಡಂಪರ್‌ನಲ್ಲಿ ತುಂಬಿ ಪಕ್ಕಕ್ಕೆ ಸುರಿದರೆ ಮಾತ್ರ ಕಲ್ಲಿದ್ದಲು ಸಿಗೋದು. ಕೋಲ್ ಇಂಡಿಯಾ ಗಣಿಗಳಲ್ಲಿ ಒಂದು ಟನ್ ಕಲ್ಲಿದ್ದಲಿಗೆ ಸರಾಸರಿ ಎರಡು ಘನ ಮೀಟರ್‌ಗಿಂತ ಹೆಚ್ಚು ಇಂಥ ಮೇಲುಹೊರೆ ತೆಗೀಬೇಕು. ಇದಕ್ಕೆ ಗಣಿಯವರ ಭಾಷೆಯಲ್ಲಿ ಓಬಿ ಅಂತಾರೆ, ಓವರ್‌ಬರ್ಡನ್. ಸಾವಿರಾರು ವರ್ಷ ಹೊಲವಾಗಿ, ಕಾಡಾಗಿ ಇದ್ದದ್ದು ಗಣಿ ಲೆಕ್ಕದಲ್ಲಿ ‘ಹೊರೆ’!

ಒಮ್ಮೆ ಸಿಡಿಸಿ ಒಡೆದ ಕಲ್ಲು ಮತ್ತೆ ಮೊದಲಿನಷ್ಟೇ ಜಾಗದಲ್ಲಿ ಕೂರಲ್ಲ. ಚೂರುಗಳ ನಡುವೆ ಗಾಳಿ ಸೇರಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಉಬ್ಬುತ್ತೆ. ಹಾಗಾದ್ರೆ ಹಳ್ಳ ತುಂಬಿ ಹೆಚ್ಚೇ ಆಗಬೇಕಲ್ವಾ? ಎಲ್ಲ ಗಣಿಯಲ್ಲೂ ಆಗಲ್ಲ. ಮೊದಲ ವರ್ಷಗಳಲ್ಲಿ ಬಗೆದದ್ದನ್ನ ಹಾಕೋಕೆ ಹಳ್ಳದೊಳಗೆ ಜಾಗ ಇರಲ್ಲ, ಹೊರಗೆ ಗುಡ್ಡ ಮಾಡ್ತಾರೆ. ಆ ಗುಡ್ಡವನ್ನ ಮತ್ತೆ ಎತ್ತಿ ತಂದು ಹಾಕೋಕೆ ಎರಡನೇ ಸಲ ಡೀಸೆಲ್ ಸುಡಬೇಕು. ಹೀಗಾಗಿ ಗುಡ್ಡ ಗುಡ್ಡವಾಗೇ ಉಳಿಯುತ್ತೆ, ಕೊನೆಯಲ್ಲಿ ಅಗೆದ ಹಳ್ಳ ಹಳ್ಳವಾಗೇ ಉಳಿದು ನೀರು ತುಂಬಿಕೊಳ್ಳುತ್ತೆ.

ಈ ಗುಡ್ಡಗಳು ಸುಮ್ಮನೆ ನಿಂತಿರ್ತವೆ ಅಂದುಕೊಳ್ಳಬೇಡಿ. 2016ರ ಡಿಸೆಂಬರ್ 29ರಂದು ಜಾರ್ಖಂಡ್‌ನ ಗೊಡ್ಡಾ ಜಿಲ್ಲೆಯ ಲಾಲ್‌ಮಟಿಯಾದಲ್ಲಿ, ರಾಜಮಹಲ್ ತೆರೆದ ಗಣಿಯಲ್ಲಿ ಇಂಥ ರಾಶಿ ಕುಸಿದು 23 ಕಾರ್ಮಿಕರು ಸತ್ತರು. ಒಂದೊಂದು ಮೆಟ್ಟಿಲು 30 ಮೀಟರ್ ಎತ್ತರ ಮೀರಬಾರದು, ಇಳಿಜಾರು 37.5 ಡಿಗ್ರಿ ದಾಟಬಾರದು ಅಂತ ಗಣಿ ಸುರಕ್ಷತಾ ನಿಯಮ ಇರೋದು ಸುಮ್ಮನೆ ಅಲ್ಲ.

ಸರಿ, ಗುಡ್ಡಕ್ಕೆ ಮೆಟ್ಟಿಲು ಹಾಕಿ, ಹಳ್ಳ ತುಂಬಿ, ನೆಲ ಸಮ ಮಾಡಿದರು. ಇಷ್ಟಕ್ಕೆ ತಾಂತ್ರಿಕ ಪುನಶ್ಚೇತನ ಅಂತಾರೆ. ಅದರ ಮೇಲೆ ಗಿಡ ನೆಟ್ಟರೆ ಜೈವಿಕ ಪುನಶ್ಚೇತನ. ಎರಡೂ ಆದ್ರೆ ಕಡತ ಮುಗೀತು. ನನ್ನ ತಕರಾರು ಇರೋದೇ ಇಲ್ಲಿ.

ನಾನು ಎಂಜಿನಿಯರಿಂಗ್ ಓದಿದವನು. ಮಣ್ಣನ್ನ ಎಷ್ಟು ಗಟ್ಟಿಯಾಗಿ ಒತ್ತಬಹುದು ಅನ್ನೋದಕ್ಕೆ ನಮಗೊಂದು ಪರೀಕ್ಷೆ ಇದೆ, ಪ್ರಾಕ್ಟರ್ ಟೆಸ್ಟ್ ಅಂತ. ಅಚ್ಚಿನಲ್ಲಿ ಮಣ್ಣು ಹಾಕಿ, ಮೇಲಿಂದ ಸುತ್ತಿಗೆ ಬಿಟ್ಟು ಬಿಟ್ಟು ಕುಟ್ಟೋದು. ರಸ್ತೆ ಆಗಲಿ, ಅಣೆಕಟ್ಟಿನ ಏರಿ ಆಗಲಿ, ಮಣ್ಣು ಗಟ್ಟಿಯಾದಷ್ಟೂ ಎಂಜಿನಿಯರ್‌ಗೆ ಖುಷಿ. ಬೇರಿನ ಕಥೆ ಇದಕ್ಕೆ ಪೂರಾ ಉಲ್ಟಾ. ಬೇರಿಗೆ ಸಡಿಲ ಬೇಕು, ಗಾಳಿ ಬೇಕು, ನೀರು ಇಳಿಯೋ ಸಂದು ಬೇಕು. ಒಳ್ಳೆ ಹೊಲದ ಒಂದು ಘನ ಸೆಂಟಿಮೀಟರ್ ಒಣಮಣ್ಣು ಸುಮಾರು 1.1ರಿಂದ 1.4 ಗ್ರಾಂ ತೂಗುತ್ತೆ. ನೂರು ಟನ್ ಹೊರೋ ಡಂಪರ್, ಬುಲ್ಡೋಜರ್ ಓಡಾಡಿದ ಗಣಿನೆಲದಲ್ಲಿ ಇದು 1.6, 1.8ರ ಮೇಲೂ ಹೋಗುತ್ತೆ. ಅಂಥ ಕಡೆ ಬೇರು ಇಳಿಯೋಕೆ ತಿಣುಕಾಡುತ್ತೆ. ಮಳೆ ಬಂದ್ರೆ ನೀರು ಒಳಗಿಳಿಯದೆ ಮೇಲೇ ಹರಿದು, ಇರೋ ಚೂರುಪಾರು ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತೆ. ನೆಲವನ್ನ ಬಿಲಿಯರ್ಡ್ಸ್ ಟೇಬಲ್ ಥರ ನುಣ್ಣಗೆ ಮಾಡಿ ಒಪ್ಪಿಸಿದ ಗುತ್ತಿಗೆದಾರ ಕೆಲಸ ಚೆನ್ನಾಗಿ ಮಾಡಿದ್ದಾನೆ ಅಂತ ಅಧಿಕಾರಿಗೆ ಅನ್ನಿಸುತ್ತೆ. ಗಿಡಕ್ಕೆ ಅದು ಕಾಂಕ್ರೀಟ್.

ಅಮೆರಿಕದವರು ಈ ಪಾಠವನ್ನ ದುಬಾರಿ ಬೆಲೆ ಕೊಟ್ಟು ಕಲಿತರು. 1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ತೆರೆದ ಗಣಿಗಳ ಕಾಯ್ದೆಗೆ ಸಹಿ ಹಾಕಿದರು. ನೆಲವನ್ನ ಹೆಚ್ಚುಕಮ್ಮಿ ಮೊದಲಿನ ಆಕಾರಕ್ಕೇ ತರಬೇಕು ಅಂತ ಆ ಕಾಯ್ದೆ ಹೇಳುತ್ತೆ. ಗುಡ್ಡ ಜಾರಬಾರದು ಅಂತ ಕಂಪನಿಗಳು ಒತ್ತಿದ್ದೇ ಒತ್ತಿದ್ದು. ಪರಿಣಾಮ, ಅಪಲೇಚಿಯನ್ ಬೆಟ್ಟಗಳಲ್ಲಿ ದಟ್ಟ ಕಾಡಿದ್ದ ಕಡೆ ಎಷ್ಟೋ ವರ್ಷ ಬರೀ ಹುಲ್ಲು, ಪೊದೆ. ಮರ ಏಳಲೇ ಇಲ್ಲ. ಕೊನೆಗೆ ಅಲ್ಲಿನ ಅರಣ್ಯ ವಿಜ್ಞಾನಿಗಳು ಹೇಳಿದ್ದೇನು ಗೊತ್ತಾ? ಮೇಲಿನ ನಾಲ್ಕು ಅಡಿ ಮಣ್ಣನ್ನ ಸುರಿದು ಹಾಗೇ ಬಿಡಿ, ಒತ್ತಬೇಡಿ, ಉಬ್ಬುತಗ್ಗು ಇದ್ದರೆ ಇರಲಿ. ನೋಡೋಕೆ ಅಂದ ಇಲ್ಲ, ಆದ್ರೆ ಮರ ಬರುತ್ತೆ.

ಒತ್ತಡದ ಸಮಸ್ಯೆಗಾದ್ರೂ ಆಳವಾಗಿ ಉಳುಮೆ ಮಾಡಿ ಒಂದಷ್ಟು ಪರಿಹಾರ ಕಾಣಬಹುದು. ಮೇಲ್ಮಣ್ಣು ಕಳಕೊಂಡರೆ ಅದಕ್ಕೆ ಮದ್ದಿಲ್ಲ. ಹೊಲದ ಜೀವ ಇರೋದು ಮೇಲಿನ ಅರ್ಧ, ಮುಕ್ಕಾಲು ಅಡಿಯಲ್ಲಿ. ಗಣಿ ಶುರು ಮಾಡೋ ಮುಂಚೆ ಈ ಪದರವನ್ನ ಬೇರೆಯಾಗಿ ಕೆತ್ತಿ ತೆಗೆದು ಇಟ್ಟು, ಕೊನೆಗೆ ಮೇಲೆ ಹಾಸಬೇಕು ಅಂತ ಪರಿಸರ ಅನುಮತಿಯ ಷರತ್ತುಗಳಲ್ಲೇ ಇರುತ್ತೆ. ಕಾಗದದಲ್ಲಿ ಸರಿ. ಆದ್ರೆ ಆ ಮಣ್ಣನ್ನ ದೊಡ್ಡ ದಿಬ್ಬ ಮಾಡಿ ವರ್ಷಗಟ್ಟಲೆ ಬಿಟ್ಟರೆ ಏನಾಗುತ್ತೆ? ದಿಬ್ಬದ ಒಡಲಿಗೆ ಗಾಳಿ ಹೋಗಲ್ಲ. ಎರೆಹುಳು ಸಾಯುತ್ತೆ. ಬೇರಿಗೆ ಅಂಟಿಕೊಂಡು ರಂಜಕ ಉಣಿಸೋ ಶಿಲೀಂಧ್ರ ಸಾಯುತ್ತೆ. ಬೀಜಗಳು ಕೊಳೆಯುತ್ತೆ. ದೋಸೆ ಹಿಟ್ಟನ್ನ ಹತ್ತು ದಿನ ಮುಚ್ಚಿಟ್ಟು ಹನ್ನೊಂದನೇ ದಿನ ದೋಸೆ ಹುಯ್ಯಿರಿ ಅಂದ್ರೆ ಹೇಗೆ? ಹಿಟ್ಟು ಇದೆ, ದೋಸೆ ಆಗಲ್ಲ. ಅದಕ್ಕೇ ಜಾಣರು ಮಾಡೋದು ಏನಂದ್ರೆ, ಇವತ್ತು ಹೊಸ ಕಡೆ ಕೆತ್ತಿದ ಮೇಲ್ಮಣ್ಣನ್ನ ದಿಬ್ಬ ಮಾಡದೆ ನೇರವಾಗಿ ಹಳೇ ಹಳ್ಳ ತುಂಬಿ ಸಿದ್ಧವಾದ ಕಡೆಗೆ ಒಯ್ದು ಹಾಸೋದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಮುಂಚಿತವಾಗಿ ಯೋಜನೆ ಬೇಕು ಅಷ್ಟೇ.

ಇದರ ಗಾತ್ರ ಎಷ್ಟು ಅಂತ ಲೆಕ್ಕ ಹಾಕೋಣ. ಒಂದು ಹೆಕ್ಟೇರ್ ಅಂದ್ರೆ 10,000 ಚದರ ಮೀಟರ್, ಸುಮಾರು ಎರಡೂವರೆ ಎಕರೆ. ಅರ್ಧ ಮೀಟರ್ ದಪ್ಪ ಮಣ್ಣು ಹಾಸೋದಕ್ಕೆ 5,000 ಘನ ಮೀಟರ್ ಬೇಕು. ಹತ್ತು ಘನ ಮೀಟರ್ ಹಿಡಿಸೋ ಟಿಪ್ಪರ್‌ನಲ್ಲಿ 500 ಲೋಡ್. ಒಂದೇ ಹೆಕ್ಟೇರ್‌ಗೆ! ಈಗ ದುಡ್ಡಿನ ವಿಷಯಕ್ಕೆ ಬನ್ನಿ. 2009ರ ಆಗಸ್ಟ್‌ನಲ್ಲಿ ಕೇಂದ್ರ ಕಲ್ಲಿದ್ದಲು ಸಚಿವಾಲಯ ಗಣಿ ಮುಚ್ಚುವಿಕೆಗೆ ಮಾರ್ಗಸೂಚಿ ತಂತು. ತೆರೆದ ಗಣಿಗೆ ಹೆಕ್ಟೇರ್‌ಗೆ 6 ಲಕ್ಷ ರೂಪಾಯಿ ಲೆಕ್ಕದಲ್ಲಿ ಕಂಪನಿ ಎಸ್ಕ್ರೋ ಖಾತೆಗೆ ಹಣ ಕಟ್ಟಬೇಕು, ಬೆಲೆ ಏರಿಕೆಗೆ ತಕ್ಕಂತೆ ಅದು ಏರಬೇಕು ಅಂತ. ಎಸ್ಕ್ರೋ ಅಂದ್ರೆ ಕಂಪನಿ ತಾನೇ ಬಿಡಿಸಿಕೊಳ್ಳೋಕಾಗದ ಠೇವಣಿ. ಕಲ್ಲಿದ್ದಲು ನಿಯಂತ್ರಕರು ಒಪ್ಪಿದರೆ ಮಾತ್ರ ಹಣ ಹೊರಗೆ ಬರುತ್ತೆ. ಅದಕ್ಕೂ ಮುಂಚೆ ಹೀಗೊಂದು ಖಾತೆಯೇ ಇರಲಿಲ್ಲ, ಹಾಗಾಗಿ ಇದು ದೊಡ್ಡ ಹೆಜ್ಜೆ, ಅನುಮಾನ ಇಲ್ಲ. ಆದ್ರೆ 6 ಲಕ್ಷವನ್ನ 500 ಲೋಡ್‌ಗೆ ಭಾಗಿಸಿ. ಲೋಡ್‌ಗೆ 1,200 ರೂಪಾಯಿ. ಅದೇ ದುಡ್ಡಲ್ಲಿ ಹಳ್ಳ ತುಂಬಬೇಕು, ಇಳಿಜಾರು ಸರಿ ಮಾಡಬೇಕು, ಚರಂಡಿ ತೆಗೀಬೇಕು, ಬೇಲಿ ಹಾಕಬೇಕು, ಗಿಡ ನೆಟ್ಟು ನೀರು ಹಾಕಬೇಕು. ಮಣ್ಣು ಪರೀಕ್ಷೆಗೆ ಎಷ್ಟು ಉಳಿಯುತ್ತೆ, ನೀವೇ ಹೇಳಿ.

ಮೇಲ್ವಿಚಾರಣೆ ನಡೀತಿಲ್ವಾ ಅಂದ್ರೆ, ನಡೀತಿದೆ. ರಾಂಚಿಯಲ್ಲಿರೋ ಸಿಎಂಪಿಡಿಐ ಅನ್ನೋ ಕೋಲ್ ಇಂಡಿಯಾದ್ದೇ ಸಂಸ್ಥೆ ಉಪಗ್ರಹ ಚಿತ್ರ ಇಟ್ಟುಕೊಂಡು ಗಣಿಗಳನ್ನ ನೋಡುತ್ತೆ. ಕಲ್ಲಿದ್ದಲು, ಓಬಿ ಎರಡೂ ಸೇರಿ ವರ್ಷಕ್ಕೆ 50 ಲಕ್ಷ ಘನ ಮೀಟರ್‌ಗಿಂತ ಹೆಚ್ಚು ತೆಗೆಯೋ ಗಣಿಯನ್ನ ಪ್ರತಿ ವರ್ಷ, ಚಿಕ್ಕದನ್ನ ಮೂರು ವರ್ಷಕ್ಕೊಮ್ಮೆ. ಎಷ್ಟು ಹೆಕ್ಟೇರ್ ಅಗೆದಿದ್ದಾರೆ, ಎಷ್ಟು ತುಂಬಿದ್ದಾರೆ, ಎಷ್ಟರಲ್ಲಿ ಗಿಡ ಬಂದಿದೆ ಅಂತ ನಕ್ಷೆ ಬರುತ್ತೆ. ಒಳ್ಳೆ ಕೆಲಸ. ಕಾಗದದ ಮೇಲೆ ಸುಳ್ಳು ಬರೆಯೋದು ಕಷ್ಟವಾಗುತ್ತೆ.

ಆದ್ರೆ ಉಪಗ್ರಹ ನೋಡೋದು ಏನನ್ನ? ಎಲೆಯಲ್ಲಿರೋ ಹಸಿರು ವಸ್ತು ಕೆಂಪು ಬೆಳಕನ್ನ ನುಂಗುತ್ತೆ, ಕಣ್ಣಿಗೆ ಕಾಣದ ಅತಿಗೆಂಪಿನ ಹತ್ತಿರದ ಬೆಳಕನ್ನ ಎಲೆ ವಾಪಸ್ ಎಸೆಯುತ್ತೆ. ಎರಡರ ವ್ಯತ್ಯಾಸ ಹೆಚ್ಚಿದ್ದರೆ ಅಲ್ಲಿ ಹಸಿರಿದೆ ಅಂತ ಲೆಕ್ಕ. ಈ ಲೆಕ್ಕಕ್ಕೆ ಅಕೇಶಿಯಾ ಆದ್ರೂ ಹಸಿರು, ಲಂಟಾನ ಆದ್ರೂ ಹಸಿರು, ತೊಗರಿ ಆದ್ರೂ ಹಸಿರು. ಅಕೇಶಿಯಾ ಥರದ ಮರ ಎಂಥ ಕೆಟ್ಟ ನೆಲದಲ್ಲೂ ಎದ್ದು ನಿಲ್ಲುತ್ತೆ, ಅದಕ್ಕೇ ಗಣಿಯವರಿಗೆ ಅದರ ಮೇಲೆ ಪ್ರೀತಿ. ಮಲೆನಾಡಿನವರಿಗೆ ಈ ಮರದ ಸಹವಾಸ ಚೆನ್ನಾಗೇ ಗೊತ್ತು. ಹಸಿರಿನ ಕೆಳಗೆ ಒಂದು ಗೇಣು ಅಗೆದರೆ ಮಣ್ಣಿದೆಯೋ ಕಲ್ಲುಪುಡಿ ಇದೆಯೋ, ಅದು ಆರುನೂರು, ಏಳುನೂರು ಕಿಲೋಮೀಟರ್ ಮೇಲಿಂದ ಕಾಣಲ್ಲ. ಅದಕ್ಕೆ ಯಾರಾದ್ರೂ ಹಾರೆ ಗುದ್ದಲಿ ಹಿಡಿದು ಹೋಗಲೇಬೇಕು.

ಹೋದವರು ಏನು ನೋಡಬೇಕು? ಮೊದಲು, ನೀರು ಎಷ್ಟು ಬೇಗ ಇಳಿಯುತ್ತೆ. ಒಂದರೊಳಗೊಂದು ಎರಡು ಕಬ್ಬಿಣದ ಬಳೆಗಳನ್ನ ನೆಲಕ್ಕೆ ಒತ್ತಿ, ನೀರು ಹಾಕಿ, ಗಡಿಯಾರ ನೋಡುತ್ತಾ ಕೂರೋದು. ಇಷ್ಟು ಸುಲಭದ ಪರೀಕ್ಷೆ ಕಾಲೇಜು ಹುಡುಗರೂ ಮಾಡ್ತಾರೆ. ಆಮೇಲೆ ಮಣ್ಣಿನ ಸಾಂದ್ರತೆ, ಬೇರು ಎಷ್ಟು ಆಳಕ್ಕೆ ಇಳಿದಿದೆ ಅಂತ ಗುಂಡಿ ತೆಗೆದು ನೋಡೋದು. ಹುಳಿ ಎಷ್ಟು ಅನ್ನೋದು ಮುಖ್ಯ, ಯಾಕಂದ್ರೆ ಕಲ್ಲಿದ್ದಲಿನ ಜೊತೆ ಬರೋ ಪೈರೈಟ್ ಅನ್ನೋ ಗಂಧಕದ ಖನಿಜಕ್ಕೆ ಗಾಳಿ, ನೀರು ತಾಗಿದರೆ ಗಂಧಕಾಮ್ಲ ಆಗುತ್ತೆ. ಅದು ಮಣ್ಣಿನಲ್ಲಿರೋ ಲೋಹಗಳನ್ನ ಕರಗಿಸಿ ಹಳ್ಳಕೊಳ್ಳಕ್ಕೆ ಒಯ್ಯುತ್ತೆ. ಎಲ್ಲ ಗಣಿಯಲ್ಲೂ ಇದು ಆಗಲ್ಲ, ಆದ ಕಡೆ ದಶಕಗಟ್ಟಲೆ ನಿಲ್ಲಲ್ಲ.

ಇನ್ನೊಂದು ಪರೀಕ್ಷೆಯಲ್ಲಿ ಒಂದು ಮಜಾ ಇದೆ, ಮಜಾ ಅನ್ನೋದಕ್ಕಿಂತ ಮೋಸ ಅನ್ನಿ. ನಮ್ಮ ರೈತರ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತಲ್ಲ, ಅದು ಜಾಸ್ತಿ ಇದ್ದಷ್ಟೂ ಮಣ್ಣು ಫಲವತ್ತು. ಲ್ಯಾಬ್‌ನಲ್ಲಿ ಇದನ್ನ ಅಳೆಯೋದು ಮಣ್ಣಿನ ಇಂಗಾಲವನ್ನ ರಾಸಾಯನಿಕವಾಗಿ ಸುಟ್ಟು. ಗಣಿಮಣ್ಣಿನಲ್ಲಿ ಕಲ್ಲಿದ್ದಲಿನ ಪುಡಿ ಬೆರೆತಿರುತ್ತೆ. ಕಲ್ಲಿದ್ದಲೂ ಇಂಗಾಲವೇ! ಪರೀಕ್ಷೆಗೆ ಅದು ಕೊಟ್ಟಿಗೆ ಗೊಬ್ಬರವೋ, ಕೋಟ್ಯಂತರ ವರ್ಷ ಹಳೇ ಕಲ್ಲಿದ್ದಲೋ ಪೂರ್ತಿಯಾಗಿ ಗೊತ್ತಾಗಲ್ಲ. ಹೀಗಾಗಿ ಸತ್ತ ಮಣ್ಣಿಗೂ ‘ಇಂಗಾಲ ಉತ್ತಮ’ ಅಂತ ಚೀಟಿ ಬರಬಹುದು. ಅದನ್ನ ಸರಿಯಾಗಿ ನೋಡಬೇಕಾದ್ರೆ ಸೂಕ್ಷ್ಮಜೀವಿಗಳು ಎಷ್ಟಿವೆ, ಉಸಿರಾಡ್ತಿವೆಯಾ ಅಂತ ಅಳೀಬೇಕು. ಸಿಂಗ್ರೌಲಿಯ ಗಣಿರಾಶಿಗಳ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಇಂಥ ಅಧ್ಯಯನಗಳನ್ನ ದಶಕಗಳ ಹಿಂದೆಯೇ ಮಾಡಿದ್ದಾರೆ. ವಿದ್ಯೆ ನಮ್ಮಲ್ಲೇ ಇದೆ. ಅದನ್ನ ಕಡ್ಡಾಯ ಮಾಡೋ ಮನಸ್ಸು ಬೇಕು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬೆಳೆ. ಅಮೆರಿಕದ ಕಾಯ್ದೆಯಲ್ಲಿ ನನಗೆ ಇಷ್ಟವಾಗೋ ಭಾಗ ಇದೇ. ಗಣಿ ಮಾಡಿದ್ದು ಉತ್ತಮ ದರ್ಜೆಯ ಕೃಷಿ ಜಮೀನಾಗಿದ್ದರೆ, ಸುತ್ತಲಿನ ಅಗೆಯದ ಹೊಲದಲ್ಲಿ ಎಷ್ಟು ಇಳುವರಿ ಬರುತ್ತೋ ಅಷ್ಟು ಇಲ್ಲೂ ಬರುತ್ತೆ ಅಂತ ಕನಿಷ್ಠ ಮೂರು ಬೆಳೆ ವರ್ಷ ಅಳೆದು ತೋರಿಸಬೇಕು. ಕಂಪನಿಯ ಠೇವಣಿ ಕಂತಿನಲ್ಲಿ ವಾಪಸ್ ಬರುತ್ತೆ, ಕೊನೆಯ ಕಂತಿಗೆ ಮಳೆ ಚೆನ್ನಾಗಿರೋ ಕಡೆ 5 ವರ್ಷ, ಒಣಪ್ರದೇಶದಲ್ಲಿ 10 ವರ್ಷ ಕಾಯಬೇಕು. ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ, ದಿವಾಳಿ ಅರ್ಜಿ ಹಾಕಿ ಕೈತೊಳೆದುಕೊಂಡ ಕಂಪನಿಗಳೂ ಇವೆ. ಆದ್ರೂ ಅಳತೆಗೋಲು ಎಕರೆಗೆ ಎಷ್ಟು ಇಳುವರಿ ಅನ್ನೋದು. ಎಷ್ಟು ಸಸಿ ನೆಟ್ಟೆವು ಅನ್ನೋದಲ್ಲ.

ಜರ್ಮನಿಯ ರೈನ್‌ಲ್ಯಾಂಡ್‌ನಲ್ಲಿ ಲಿಗ್ನೈಟ್ ಗಣಿ ಮುಗಿದ ಕಡೆ ಸುಮಾರು ಎರಡು ಮೀಟರ್ ದಪ್ಪಕ್ಕೆ ಲೋಯೆಸ್ ಅನ್ನೋ ನಯವಾದ ಫಲವತ್ತು ಮಣ್ಣು ಹಾಸ್ತಾರೆ. ಕೂಡಲೇ ರೈತರಿಗೆ ಕೊಡಲ್ಲ. ಮೊದಲ ಮೂರು ವರ್ಷ ಲೂಸರ್ನ್ ಬೆಳೀತಾರೆ. ನಮ್ಮಲ್ಲಿ ಕುದುರೆ ಮಸಾಲೆ ಅಂತ ಮೇವಿಗೆ ಬೆಳೆಯೋದು ಇದನ್ನೇ. ಅದರ ಬೇರು ಆಳಕ್ಕಿಳಿದು ಮಣ್ಣು ಸಡಿಲ ಮಾಡುತ್ತೆ, ಸಾರಜನಕ ಸೇರಿಸುತ್ತೆ. ಆಮೇಲೆ ಧಾನ್ಯ. ಒಟ್ಟು ಏಳು ವರ್ಷ ಕಂಪನಿಯೇ ಸಾಗುವಳಿ ಮಾಡಿ ನಂತರ ಕೈಬದಲು. ಅದೇ ಜರ್ಮನಿಯಲ್ಲಿ ಹಳ್ಳಕ್ಕೆ ನೀರು ತುಂಬಿ ಸರೋವರ ಮಾಡಿದ ಕಡೆ ಬೇರೆ ಕಥೆ. ನಾಖ್ಟರ್‌ಶ್ಟೆಟ್ ಊರಿನಲ್ಲಿ 2009ರ ಜುಲೈ 18ರ ಮುಂಜಾವ ದಂಡೆಯೇ ಕುಸಿದು, ಮೂವರು ಮನೆ ಸಮೇತ ಕೆರೆಪಾಲಾದರು. ಗಣಿ ನಿಂತು ಎಷ್ಟೋ ವರ್ಷ ಆದಮೇಲೆ!

ನಮ್ಮ ದೇಶಕ್ಕೆ ಬಂದ್ರೆ ಇನ್ನೊಂದು ಗಂಟು ಇದೆ. ಜರ್ಮನಿಯ ರೈತ ಕಾಯ್ತಾನೆ, ಯಾಕಂದ್ರೆ ಜಮೀನು ಮತ್ತೆ ರೈತರ ಕೈಗೆ ಬರುತ್ತೆ. ಕೋಲ್ ಇಂಡಿಯಾದಂಥ ಸರ್ಕಾರಿ ಕಂಪನಿಗಳಿಗೆ ಜಮೀನು ಸ್ವಾಧೀನ ಆಗೋ 1957ರ ಕಲ್ಲಿದ್ದಲು ಪ್ರದೇಶಗಳ ಕಾಯ್ದೆಯಲ್ಲಿ, ಗಣಿ ಮುಗಿದ ಮೇಲೆ ನೆಲವನ್ನ ಮೂಲ ರೈತನಿಗೆ ವಾಪಸ್ ಕೊಡಬೇಕು ಅನ್ನೋ ಮಾತೇ ಇಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನೀತಿ ಏನು ಹೇಳುತ್ತೆ ಅಂದ್ರೆ, ಹೀಗೆ ಖಾಲಿಯಾದ ಜಾಗದಲ್ಲಿ ಸೋಲಾರ್ ಘಟಕ, ಕಲ್ಲಿದ್ದಲು ಅನಿಲೀಕರಣದಂಥ ಯೋಜನೆ ಮಾಡಬಹುದು ಅಂತ. ಸೋಲಾರ್ ಹಾಕೋದು ತಪ್ಪು ಅಂತ ನಾನು ಹೇಳಲ್ಲ. ಸೋಲಾರ್ ಪ್ಯಾನೆಲ್‌ಗೆ ಮೇಲ್ಮಣ್ಣು ಬೇಕಿಲ್ಲ, ಅಷ್ಟೇ. ಕೊನೆಗೆ ಉಳುವವನೇ ಇಲ್ಲ ಅಂದಮೇಲೆ ಮಣ್ಣು ಉಳಿಸೋ ದರ್ದು ಯಾರಿಗಿರುತ್ತೆ?

ಸುಪ್ರೀಂ ಕೋರ್ಟ್ ಒಂದು ಪ್ರಯತ್ನ ಮಾಡಿದೆ. 2020ರ ಜನವರಿ 8ರಂದು, ಗಣಿ ಮುಗಿಸಿದವರು ಆ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು ಅನ್ನೋ ಷರತ್ತನ್ನ ಗುತ್ತಿಗೆಯಲ್ಲೇ ಹಾಕಿ ಅಂತ ಕೇಂದ್ರಕ್ಕೆ ಹೇಳಿತು. ದನಕರುಗಳಿಗೆ ಮೇವು ಸಿಗಲಿ ಅನ್ನೋ ಕಾಳಜಿ. ಹುಲ್ಲು ಬಂದ್ರೆ ಅರ್ಧ ಗೆದ್ದ ಹಾಗೇ. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋದಕ್ಕಿಂತ ಹುಲ್ಲಿನ ಬೇರು ಮಣ್ಣಿಗೆ ಮಾಡೋ ಉಪಕಾರ ಎಷ್ಟೋ ದೊಡ್ಡದು.

ಇದೆಲ್ಲ ನಮಗ್ಯಾಕೆ ಅಂತ ಯಾರಾದ್ರೂ ಕೇಳಬಹುದು. ಶಕ್ತಿನಗರಕ್ಕೆ, ಯರಮರಸ್‌ಗೆ, ಕುಡತಿನಿಗೆ ಬರೋ ರೈಲುಗಳು ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ, ವಿದರ್ಭದಿಂದ ಬರುತ್ತೆ. ಬೇಸಿಗೆಯಲ್ಲಿ ಒಂದು ರೇಕ್ ತಡವಾದ್ರೆ ನಾವೇ ‘ಕತ್ತಲಲ್ಲಿ ಕರ್ನಾಟಕ’ ಅಂತ ದಿನವಿಡೀ ಬ್ರೇಕಿಂಗ್ ಓಡಿಸ್ತೀವಿ. ರೈಲು ಹೊರಟ ಊರಿನ ಹೊಲದ ಬಗ್ಗೆ ಒಂದು ಸಾಲೂ ಇರಲ್ಲ. ಸಿಂಗರೇಣಿ ತೆಲಂಗಾಣದ್ದು, ಅಲ್ಲಿ ನಮ್ಮ ಮಾತು ನಡೆಯಲ್ಲ, ಒಪ್ಪೋಣ. ಬರಾಂಜ್ ಹಾಗಲ್ಲ. ಅದರ ಮಾಲೀಕರು ಕೂತಿರೋದು ಬೆಂಗಳೂರಿನ ಶಕ್ತಿಭವನದಲ್ಲಿ, ಉತ್ತರ ಕೊಡಬೇಕಾಗಿರೋದು ನಮ್ಮ ವಿಧಾನಸಭೆಗೆ. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನಲ್ಲಿ ಬೇರೆಯವರು ನಮ್ಮ ನೆಲ ಬಗೆದಾಗ ನಾವು ಎಷ್ಟು ಕೂಗಾಡಿದ್ವಿ! ಈಗ ಬೇರೆಯವರ ನೆಲದಲ್ಲಿ ಅಗೆಯುತ್ತಿರೋರು ನಾವೇ.

ಹಾಗಾಗಿ ಯಾವುದಾದ್ರೂ ಪಕ್ಷದ ಶಾಸಕರು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳೋದಾದ್ರೆ ಕೇಳಲಿ, ಎಷ್ಟು ಸಸಿ ನೆಟ್ಟಿರಿ ಅಂತ ಮಾತ್ರ ಕೇಳೋದು ಬೇಡ. ಬರಾಂಜ್‌ನಲ್ಲಿ ಇದುವರೆಗೆ ಕೆತ್ತಿದ ಮೇಲ್ಮಣ್ಣು ಎಷ್ಟು ಘನ ಮೀಟರ್? ಅದರಲ್ಲಿ ಎಷ್ಟು ವಾಪಸ್ ಹಾಸಿದ್ದೀರಿ, ಉಳಿದದ್ದು ಯಾವ ದಿಬ್ಬದಲ್ಲಿ ಎಷ್ಟು ವರ್ಷದಿಂದ ಬಿದ್ದಿದೆ? ಹಾಸಿದ ಕಡೆ ಸಾಂದ್ರತೆ ಎಷ್ಟು, ನೀರು ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯುತ್ತೆ, ಪಕ್ಕದ ಅಗೆಯದ ಹೊಲದಲ್ಲಿ ಎಷ್ಟು ಇಳಿಯುತ್ತೆ? ಎಸ್ಕ್ರೋ ಖಾತೆಯಲ್ಲಿ ಈಗ ಎಷ್ಟಿದೆ? ಐದು ಪ್ರಶ್ನೆ ಕೂಡ ಆಗಲ್ಲ, ಒಂದು ಪುಟದ ಉತ್ತರ. ಆ ಪುಟವನ್ನ ಮರಾಠಿಯಲ್ಲೂ ಬರೆಸಿ ಅಲ್ಲಿನ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲಿ. ಪ್ರತಿ ಮಳೆಗಾಲ ಮುಗಿದ ಮೇಲೆ ಒಂದು ಹೊಸ ಪುಟ.